ಝೀಟಾಬಾಯಿ ಮತ್ತು ಎಣ್ಣೆಯ ಮುಳ್ಳು

ಇನ್ನಂಜೆಯ ರೈಲು ನಿಲ್ದಾಣದಿಂದ ಗದ್ದೆಯ ಹುಣಿಯ ಕಾಲುದಾರಿ ಹಿಡಿದು ಹೋದರೆ ಝೀಟಾ ಮತಾಯಸರ ಮನೆ ಸಿಗುತ್ತದೆ. ಅಂಗಳದ ಒಂದು ಬದಿಗೆ ಮಲ್ಲಿಗೆ ಗಿಡಗಳು, ಇನ್ನೊಂದು ಬದಿಗೆ ತಗಡಿನ ಮಾಡಿನ ಒಂದು ಚಿಕ್ಕ ಕೋಣೆ. ಬೆಳಿಗ್ಗೆ ಹೋದವರಿಗೆ ಅವರು ಗಿಡಗಳ ನಡುವೆ ಸಿಗುತ್ತಾರೆ, ಊಟದ ನಂತರ ಹೋದವರಿಗೆ ಕೋಣೆಯೊಳಗೆ. ಮಲ್ಲಿಗೆ ಮಾರುವ ಹೂವಿನ ಕಟ್ಟೆಯವರಿಗೆ ಅವರು ಝೀಟಾಬಾಯಿ, ಬನ್ನಂಜೆಯ ಗ್ಯಾರೇಜಿನವರಿಗೆ ಮೀಟರ್ ಬಾಯಿ. ಇಬ್ಬರೂ ಒಬ್ಬರೇ ಎಂದು ತಿಳಿದಾಗ ಜನ ಒಂದು ಕ್ಷಣ ಬಾಯಿ ತೆರೆದು ನಿಲ್ಲುವುದುಂಟು.

ನಿಲ್ಲಲಿ, ಅದರಲ್ಲಿ ತಪ್ಪೇನಿಲ್ಲ. ಹಳೆಯ ಬಸ್ಸು, ಲಾರಿ, ದೋಣಿಗಳ ಮುಂಭಾಗದಲ್ಲಿ ಗಾಜಿನ ಹಿಂದೆ ಕುಳಿತು ಡೀಸೆಲ್ ಎಷ್ಟಿದೆ, ನೀರು ಎಷ್ಟು ಕುದಿದಿದೆ, ಎಂಜಿನ್ನಿನೊಳಗೆ ಎಣ್ಣೆ ಓಡುತ್ತಿದೆಯೋ ಇಲ್ಲವೋ ಎಂದು ತೋರಿಸುವ ಮುಳ್ಳುಗಳಿವೆಯಲ್ಲ, ಅವು ಕೆಟ್ಟರೆ ಈಗ ಯಾರೂ ರಿಪೇರಿ ಮಾಡುವುದಿಲ್ಲ. ಕಿತ್ತು ಎಸೆದು ಹೊಸದು ಹಾಕುತ್ತಾರೆ. ಹೊಸದು ಸಿಗದ ಗಾಡಿಯಾದರೆ ಆ ಜಾಗದಲ್ಲಿ ಒಂದು ದೇವರ ಪಟ ಅಂಟಿಸಿ ಕಣ್ಣುಮುಚ್ಚಿ ಓಡಿಸುತ್ತಾರೆ. ಉಡುಪಿಯಿಂದ ಕಾರ್ಕಳದವರೆಗೆ ಇಂಥ ಮುಳ್ಳಿನ ಹೊಟ್ಟೆ ಬಿಚ್ಚಿ, ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ ಜೀವ ಬರಿಸುವವರು ಬೇರೆ ಇದ್ದರೆ ಇರಬಹುದು, ಗ್ಯಾರೇಜಿನವರಿಗಂತೂ ಗೊತ್ತಿಲ್ಲ.

ಝೀಟಾಬಾಯಿಗೆ ಇದನ್ನು ಕಲಿಸಿದವರು ತಂದೆ ಕಜೆಟನ್. ಸೈನ್ಯದ ವಾಹನಗಳಿಗೆ ಮೀಟರು ರಿಪೇರಿ ಮಾಡುತ್ತಿದ್ದು, ನಿವೃತ್ತರಾಗಿ ಬಂದು ಬನ್ನಂಜೆಯಲ್ಲಿ ಅಂಗಡಿ ಇಟ್ಟವರು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೆ ಕಲಿಸಿದರು ಎಂದು ಕೆಲವರು ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು. ಇಬ್ಬರು ಗಂಡುಮಕ್ಕಳಿದ್ದರು, ಇಬ್ಬರ ಕೈಯಲ್ಲೂ ತಂತಿ ತುಂಡಾಗುತ್ತಿತ್ತು. ಒಂದು ದಿನ ಮಗಳು ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುವುದನ್ನು ಕಜೆಟನ್ ಸುಮ್ಮನೆ ನೋಡುತ್ತ ಕುಳಿತರು. ನಾರು ಬಿಗಿಯಾದರೆ ಮೊಗ್ಗಿನ ಕತ್ತು ಮುರಿಯುತ್ತದೆ, ಸಡಿಲವಾದರೆ ಉದುರುತ್ತದೆ. ಅವಳು ನಾರನ್ನು ನೋಡುತ್ತಲೂ ಇರಲಿಲ್ಲ, ತಾಯಿಯ ಜೊತೆ ಜಗಳ ಮಾಡುತ್ತಿದ್ದಳು. "ನಾಳೆಯಿಂದ ಹೂ ಮುಗಿಸಿ ಅಂಗಡಿಗೆ ಬಾ" ಎಂದರಂತೆ ಅಪ್ಪ.

ಹಾಗೆ ಹೋದವರಿಗೆ ಈಗ ಅರವತ್ತು ಹತ್ತಿರ. ಅಪ್ಪ ಹೋದ ಮೇಲೆ ಅಂಗಡಿಯ ಮೇಜನ್ನು ಎತ್ತಿ ಇನ್ನಂಜೆಗೆ ತಂದರು. ಗಂಡ ಲಿಯೋನೆಲ್ ಕುವೈತಿನ ಕೆಲಸ ಬಿಟ್ಟು ಬಂದು ಮಲ್ಲಿಗೆಗೆ ನೀರು ಬಿಡುವುದನ್ನೂ ಹೆಂಡತಿಯನ್ನು ರೇಗಿಸುವುದನ್ನೂ ಪೂರ್ಣಾವಧಿಯ ಉದ್ಯೋಗ ಮಾಡಿಕೊಂಡಿದ್ದಾರೆ. ಝೀಟಾಬಾಯಿ ಮೂಗಿನ ಮೇಲೆ ಏರಿಸುವ ದಪ್ಪ ಗಾಜಿನ ಕನ್ನಡಕ ಮಣಿಪಾಲದ ಒಬ್ಬ ಹಲ್ಲಿನ ಡಾಕ್ಟರು ನಿವೃತ್ತರಾಗುವಾಗ ತಮ್ಮ ಹಳೆಯ ಕಾರಿನ ಮೀಟರು ಸರಿಮಾಡಿಕೊಟ್ಟದ್ದಕ್ಕೆ ಪ್ರೀತಿಯಿಂದ ಕೊಟ್ಟದ್ದು. ತಂತಿಯ ಸುತ್ತುಗಳನ್ನು ಅವರು ಹೂವಿನ ಲೆಕ್ಕದಲ್ಲೇ ಎಣಿಸುತ್ತಾರೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಮೀಟರಿಗೆ ಎಷ್ಟು ತಂತಿ ಬೇಕು ಎಂದು ಕೇಳಿದರೆ "ಒಂದೂವರೆ ಚೆಂಡು" ಎನ್ನುತ್ತಾರೆ. ಕೇಳಿದವನು ಅರ್ಥವಾದವನ ಹಾಗೆ ತಲೆಯಾಡಿಸಿ ಹೋಗುತ್ತಾನೆ.

ಮೇ ತಿಂಗಳ ಒಂದು ಮಧ್ಯಾಹ್ನ ಈ ಕೋಣೆಯ ಬಾಗಿಲಲ್ಲಿ ಒಬ್ಬ ಎತ್ತರದ ಆಳು ತಲೆ ತಗ್ಗಿಸಿ ನಿಂತ. ಹೆಸರು ರಾಮಲಿಂಗ, ಬಾಗಲಕೋಟೆ ಕಡೆಯವನು. ಮಲ್ಪೆಯಲ್ಲಿ ದೋಣಿಗಳನ್ನು ನೀರಿನಿಂದ ಮೇಲಕ್ಕೆಳೆಯುವ ಒಂದು ಹಳೆಯ ಸೈನ್ಯದ ಟ್ರಕ್ಕಿಗೆ ಡ್ರೈವರು. ಕೈಯಲ್ಲಿ ಒಂದು ಟವೆಲ್ಲಿನ ಗಂಟು. ಅದನ್ನು ಮೇಜಿನ ಮೇಲೆ ಮಲಗಿದ ಮಗುವನ್ನು ಇಳಿಸುವ ಹಾಗೆ ಇಳಿಸಿದ.

"ಇದರ ಜೀವಾ ಹೋಗೈತ್ರಿ ಅಕ್ಕಾರ. ಎಣ್ಣಿ ಮುಳ್ಳು. ನಾ ಗಾಡಿ ಹಿಡದಾಗಿಂದ ಒಂದ ದಿನಾ ಅಳ್ಳಾಡಿಲ್ಲ."

"ಇಷ್ಟು ವರ್ಷ ಹೇಗೆ ಓಡಿಸಿದೆ ಮತ್ತೆ?"

"ಸಪ್ಪಳಾ ಕೇಳಿ, ವಾಸನಿ ಹಿಡದು."

"ಹಾಗಾದರೆ ಈಗ ಯಾಕೆ ಬೇಕಾಯ್ತು?"

ಅವನು ಹೇಳಿದ. ಹೋದ ಮಳೆಗಾಲಕ್ಕೆ ಮುಂಚೆ ಬೇರೆ ಊರಿನ ಬಂದರಿನಲ್ಲಿ ಅವನ ಊರಿನವನೇ ಆದ ದುರ್ಗೇಶ ದೋಣಿಯ ಅಡಿಯಲ್ಲಿ ಬೆಣೆ ಇಡುತ್ತಿದ್ದ. ದೋಣಿ ಅರ್ಧ ದಾರಿ ಮೇಲೆ ಬಂದಿದ್ದಾಗ ಎಳೆಯುವ ಗಾಡಿಯ ಎಣ್ಣೆ ಖಾಲಿಯಾಗಿ ಎಂಜಿನ್ನು ಒಮ್ಮೆಲೇ ಕಚ್ಚಿಕೊಂಡಿತು. ಆ ಜಗ್ಗಿಗೆ ಹಗ್ಗ ಸುತ್ತಿ ಎಳೆಯುವ ವಿಂಚಿನ ಹಲ್ಲು ಮುರಿದು ದೋಣಿ ಹಿಂದಕ್ಕೆ ಜಾರಿತು. ದುರ್ಗೇಶನ ಎರಡೂ ಕಾಲು ಹೋದವು. ರಾಮಲಿಂಗ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದ. ಬಂದವನೇ ತನ್ನ ಮಾಲೀಕ ಕರುಣಾಕರರಿಗೆ ಹೇಳಿಬಿಟ್ಟ: ಎಣ್ಣೆಯ ಮುಳ್ಳು ಜೀವಂತ ಇಲ್ಲದೆ ಈ ವರ್ಷ ದೋಣಿ ಎಳೆಯುವುದಿಲ್ಲ.

ಕರುಣಾಕರರು ಕೆಟ್ಟವರಲ್ಲ. ಅವಸರದವರು, ಅಷ್ಟೇ. ಫೋನಿನಲ್ಲಿ ಒತ್ತಿ ಒಂದು ಹೊಸ ಮೀಟರು ತರಿಸಿದರು. ಅದು ಹನ್ನೆರಡು ವೋಲ್ಟಿನ ಗಾಡಿಗಳದ್ದು, ಈ ಟ್ರಕ್ಕು ಇಪ್ಪತ್ತನಾಲ್ಕರದ್ದು. ಹೊಸ ಮೀಟರು ಕೀಲಿ ತಿರುಗಿಸಿದ ಕೂಡಲೇ ಸಣ್ಣಗೆ ಹೊಗೆ ಬಿಟ್ಟು ಸತ್ತುಹೋಯಿತು. ಮಳೆಗಾಲದ ಮೀನುಗಾರಿಕೆ ನಿಷೇಧ ಹತ್ತಿರ ಬರುತ್ತಿತ್ತು. ದೋಣಿಗಳು ಮೇಲೇರಲು ಸಾಲುಗಟ್ಟಿ ನಿಂತಿದ್ದವು. ದೋಣಿಯ ಅಡಿಗೆ ನುಗ್ಗಿ ಬೆಣೆ ಇಡುವವನು ಕರುಣಾಕರರ ಸ್ವಂತ ಅಕ್ಕ ವಾರಿಜಾರ ಮಗ, ವಿಠಲ. ಆ ಕೆಲಸಕ್ಕೆ ಅವನಷ್ಟು ಚುರುಕಿನವರು ಮಲ್ಪೆಯಲ್ಲಿ ಇಲ್ಲವೆಂದು ಸೋದರಮಾವನಿಗೆ ಹೆಮ್ಮೆ.

"ಮುಳ್ಳು ಖರೇ ಹೇಳಬೇಕ್ರಿ, ಅಷ್ಟ" ಎಂದ ರಾಮಲಿಂಗ. "ಸುಳ್ಳು ಹೇಳೂ ಮುಳ್ಳಿಗಿಂತ ಸತ್ತ ಮುಳ್ಳ ಛಲೋ."

ಅವನು ಹೋದ ಮೇಲೆ ಝೀಟಾಬಾಯಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರು. ಹಳೆಯ ಸೈನ್ಯದ ಮೀಟರುಗಳ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿದಿರುತ್ತಾರೆ. ಅದರ ಪುಡಿ ಉಸಿರಿಗೆ ಹೋಗಬಾರದು, ಊದಬಾರದು, ಒರೆಸಿದ ಬಟ್ಟೆಯನ್ನು ಮನೆಯೊಳಗೆ ತರಬಾರದು. ಅಪ್ಪ ಕಲಿಸಿದ ಮೊದಲ ಪಾಠ ಅದೇ. ಗಾಜಿನ ಸುತ್ತಿನ ಉಂಗುರವನ್ನು ಮೆಲ್ಲಗೆ ಬಿಡಿಸಿದರು. ಕಪ್ಪು ಮುಖದ ಮೇಲೆ ಸೈನ್ಯದ ಬಾಣದ ಗುರುತು ಇನ್ನೂ ಅಳಿಸಿರಲಿಲ್ಲ.

ಒಳಗೆ ಧೂಳಿತ್ತು. ಧೂಳು ಎಂದರೆ ಧೂಳು ಎಂದು ಒರೆಸಿ ಎಸೆಯುವವರು ಬೇರೆ, ಝೀಟಾಬಾಯಿ ಬೇರೆ. ಬ್ರಷ್ಷಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಳಿ ಕಾಗದದ ಮೇಲೆ ಇಳಿಸಿಕೊಂಡರು. ಮೇಲಿನದು ಉಪ್ಪಿನ ಹರಳು, ಮಲ್ಪೆಯದು. ಅದರ ಕೆಳಗೆ ಬೂದು ಬಣ್ಣದ ಹಿಟ್ಟಿನಂಥದ್ದು. ಟ್ರಕ್ಕು ಸೈನ್ಯದ ಹರಾಜಿನಿಂದ ಮೊದಲು ಬಂದದ್ದು ಕಾರ್ಕಳದ ಒಂದು ಕಲ್ಲಿನ ಕೋರೆಗೆ ಎಂದು ರಾಮಲಿಂಗ ಹೇಳಿದ್ದ, ಇದು ಆ ಕಲ್ಲಿನ ಪುಡಿ. ತೀರ ಅಡಿಯಲ್ಲಿ, ತಿರುಪಿನ ತಲೆಯ ಸಂದಿಯಲ್ಲಿ, ನುಣುಪಾದ ಹಳದಿ ಮರಳು ಚಿಟಿಕೆಯಷ್ಟು. ಅಂಥ ಮರಳು ಈ ಕರಾವಳಿಯದ್ದಲ್ಲ. ಯಾವ ಗಡಿಯಲ್ಲಿ, ಯಾವ ಗಾಳಿಗೆ ಒಳಗೆ ಬಂತೋ. ಆಗ ಈ ಮುಳ್ಳನ್ನು ನೋಡುತ್ತ ಗಾಡಿ ಓಡಿಸುತ್ತಿದ್ದ ಹುಡುಗ ಯಾರೋ. ಝೀಟಾಬಾಯಿ ಆ ಕಾಗದವನ್ನು ಅಲುಗಿಸದೆ ಬಹಳ ಹೊತ್ತು ನೋಡುತ್ತ ಕುಳಿತರು.

"ಚಿನ್ನ ಸಿಕ್ಕಿತಾ?" ಎಂದು ಕಿಟಕಿಯಿಂದ ಕೇಳಿದರು ಲಿಯೋನೆಲ್.

"ನೀವು ನೀರು ಬಿಡಿ" ಎಂದರು ಇವರು.

ಆಮೇಲೆ ಸುರುಳಿ. ಇಂಥ ಮೀಟರಿನಲ್ಲಿ ಒಂದಕ್ಕೊಂದು ಅಡ್ಡವಾಗಿ ಸುತ್ತಿದ ಎರಡು ತಂತಿಯ ಸುರುಳಿಗಳಿರುತ್ತವೆ, ನಡುವೆ ಗುಂಡಿಯಷ್ಟು ಅಯಸ್ಕಾಂತ, ಅದಕ್ಕೆ ಅಂಟಿದ ಮುಳ್ಳು. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಏರಿಳಿದ ಹಾಗೆ ವಿದ್ಯುತ್ತು ಒಂದು ಸುರುಳಿಯಿಂದ ಇನ್ನೊಂದಕ್ಕೆ ವಾಲುತ್ತದೆ, ಮುಳ್ಳು ಅದರ ಜೊತೆ ತಿರುಗುತ್ತದೆ. ಅಷ್ಟೇ ಸಂಗತಿ. ಆದರೆ ಅಷ್ಟೇ ಸಂಗತಿಯನ್ನು ಅವರು ಜೀವನವಿಡೀ ನೋಡಿದರೂ ಇನ್ನೂ ಸಾಕಾಗಿರಲಿಲ್ಲ. ಎಷ್ಟೋ ಟನ್ ಕಬ್ಬಿಣದ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಉಸಿರು ತಾಗಿದರೂ ಅಲುಗುವ ಒಂದು ಕಡ್ಡಿ ತಿಳಿದು ಹೇಳುತ್ತದಲ್ಲ, ಇದಕ್ಕಿಂತ ದೊಡ್ಡ ಆಶ್ಚರ್ಯ ಬೇಕಾದವರು ಎಲ್ಲಿಗೆ ಬೇಕಾದರೂ ಹೋಗಲಿ.

ಒಂದು ಸುರುಳಿ ಸರಿಯಿತ್ತು. ಇನ್ನೊಂದರ ತಂತಿಯ ಮೇಲಿನ ಲೇಪ ಉದುರಿ, ಹಸಿರು ಕಿಲುಬು ಹಿಡಿದು, ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿತ್ತು. ಅದರ ಕೊನೆಯನ್ನು ಯಾರೋ ರೇಷ್ಮೆಯ ಎಳೆಯಲ್ಲಿ ಕಟ್ಟಿದ್ದರು. ಕನ್ನಡಕ ಏರಿಸಿ ನೋಡಿದ ಝೀಟಾಬಾಯಿಯ ಮೈ ಜುಮ್ಮೆಂದಿತು. ಎಳೆಯನ್ನು ಎರಡು ಸಲ ಸುತ್ತಿ ತಂದು, ತನ್ನ ಅಡಿಯಿಂದಲೇ ನುಸುಳಿಸಿ, ಬಿಗಿಯದೆ ಕುಳ್ಳಿರಿಸಿದ ಗಂಟು. ಮಲ್ಲಿಗೆಯ ಸರದ ಕೊನೆಗೆ ಅವರು ದಿನಾ ಬೆಳಿಗ್ಗೆ ಹಾಕುವ ಗಂಟೇ ಅದು. ಎಲ್ಲಿಯದೋ ಕಾರ್ಖಾನೆಯಲ್ಲಿ, ಝೀಟಾಬಾಯಿ ಹುಟ್ಟುವ ಹೊತ್ತಿಗೋ ಏನೋ, ಬೆಂಚಿನ ಮೇಲೆ ಕುಳಿತು ಒಬ್ಬಳು ಇದನ್ನು ಹಾಕಿದ್ದಾಳೆ. ಹೆಂಗಸೇ ಎಂದು ಅವರಿಗೆ ಅನುಮಾನವೇ ಬರಲಿಲ್ಲ. ಯಾರಿಗೂ ಕಾಣದ ಜಾಗದಲ್ಲಿ, ಯಾರೂ ಮೆಚ್ಚದ ಕೆಲಸವನ್ನು ಇಷ್ಟು ಚಂದ ಮಾಡಿ ಎದ್ದು ಹೋಗಿದ್ದಾಳೆ. "ಯಾರಮ್ಮ ನೀನು?" ಎಂದು ಝೀಟಾಬಾಯಿ ಕೊಂಕಣಿಯಲ್ಲಿ ಗಟ್ಟಿಯಾಗಿಯೇ ಕೇಳಿದರು. ಕಣ್ಣು ತುಂಬಿ ಕನ್ನಡಕ ಮಸುಕಾಯಿತು, ಒರೆಸಿಕೊಳ್ಳಬೇಕಾಯಿತು.

ಆ ಸುರುಳಿಯ ಅಚ್ಚು ವಿಚಿತ್ರ ಆಕಾರದ್ದು, ಕೈಯಿಂದ ತಿರುಗಿಸುವ ಸುತ್ತುಯಂತ್ರಕ್ಕೆ ಕೂರಲಿಲ್ಲ. ಬೆರಳಿನಲ್ಲೇ ಸುತ್ತಬೇಕಾಯಿತು. ರೈಲು ಬರುವಾಗ ಮೇಜು ನಡುಗುತ್ತದೆ, ಆಗ ನಿಲ್ಲಿಸಬೇಕು. ಗಾಡಿ ದಾಟಿ ಹೋಗಿ ಹಳಿಯ ಸದ್ದು ಅಡಗಿದ ಮೇಲೆ ಮತ್ತೆ ಸುರು. ಹಾಗೆ ನಾಲ್ಕು ಮಧ್ಯಾಹ್ನ ಕಳೆದವು. ಸುತ್ತುವಾಗಲೆಲ್ಲ ಅವರ ಮನಸ್ಸು ಆ ಕಾಣದ ಹೆಂಗಸಿನ ಹತ್ತಿರವೇ ಇತ್ತು. ಅವಳ ಜೊತೆ ಒಂದೇ ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದೇನೆ ಎಂಬಷ್ಟು ಸುಖವಾಗಿತ್ತು.

ಕೆಟ್ಟದ್ದು ಅಲ್ಲಿಯೇ.

ಮಲ್ಪೆಯಲ್ಲಿ ಟ್ರಕ್ಕಿಗೆ ಮೀಟರು ಕೂರಿಸಿದ ದಿನ ಕರುಣಾಕರರಿಂದ ಹಿಡಿದು ಬಲೆ ಹೆಣೆಯುತ್ತಿದ್ದವರವರೆಗೆ ಎಲ್ಲರೂ ನೋಡಲು ಬಂದರು. ತಮ್ಮತಮ್ಮಲ್ಲಿ ತುಳುವಿನಲ್ಲಿ ಮಾತಾಡುತ್ತಿದ್ದವರು ರಾಮಲಿಂಗನಿಗೆ ತಿಳಿಯಲಿ ಎಂದು ಕನ್ನಡಕ್ಕೆ ಬಂದರು. ರಾಮಲಿಂಗ ಎಂಜಿನ್ನು ಹಚ್ಚಿದ. ಮುಳ್ಳು ಸಟಕ್ಕನೆ ಹಾರಿತು. ಹಾರಿದ್ದು ಎಡಕ್ಕೆ, ಸೊನ್ನೆಗಿಂತಲೂ ಕೆಳಗೆ, ತಡೆಯ ಮೊಳೆಗೆ ಬಡಿದು ಅಲ್ಲೇ ನಿಂತಿತು.

ಝೀಟಾಬಾಯಿ ಒಂದು ಗಳಿಗೆ ನೋಡಿದರು. ತಮ್ಮ ಬಲಗೈಯನ್ನು ಎತ್ತಿ ಗಾಳಿಯಲ್ಲಿ ಹೂ ಕಟ್ಟುವ ಹಾಗೆ ಎರಡು ಸುತ್ತು ಸುತ್ತಿ ನೋಡಿದರು. ಗೊತ್ತಾಯಿತು. ತಂತಿಯನ್ನು ಸುತ್ತಬೇಕಾದ ದಿಕ್ಕು ಒಂದು, ಬಾಳೆನಾರನ್ನು ಸುತ್ತುವ ದಿಕ್ಕು ಇನ್ನೊಂದು. ಯಂತ್ರದಲ್ಲಿ ಸುತ್ತುವಾಗ ಈ ಅಪಾಯವಿರಲಿಲ್ಲ. ಬೆರಳಿಗೆ ಬಿಟ್ಟ ಕೂಡಲೇ ಬೆರಳು ತನಗೆ ತಿಳಿದ ದಾರಿ ಹಿಡಿದಿತ್ತು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಟ್ರಕ್ಕಿನ ವೈರು ಸರಿಯಿಲ್ಲ ಎಂದೋ ಬ್ಯಾಟರಿ ಉಲ್ಟಾ ಎಂದೋ ಹೇಳಿ ಬಿಚ್ಚಿಕೊಂಡು ಹೋಗಬಹುದಿತ್ತು. ಅಂಥ ಮಾತು ಗ್ಯಾರೇಜುಗಳಲ್ಲಿ ದಿನಕ್ಕೆ ಹತ್ತು ಕೇಳುತ್ತೇವೆ.

"ಇದು ನನ್ನ ತಪ್ಪು" ಎಂದರು ಝೀಟಾಬಾಯಿ, ಎಲ್ಲರಿಗೂ ಕೇಳುವ ಹಾಗೆ. "ಮಲ್ಲಿಗೆ ಕಟ್ಟುವ ಹಾಗೆ ಸುತ್ತಿಬಿಟ್ಟಿದ್ದೇನೆ. ಗಾಡಿಯದ್ದು ಎಂತದೂ ತಪ್ಪಿಲ್ಲ."

ನಗು ಕೇಳಬೇಕಿತ್ತು! ಬಂದರಿನವರ ನಗು ಮುಚ್ಚುಮರೆಯದ್ದಲ್ಲ. "ಬಾಯಿ, ಈ ಮೀಟರು ಮುಡಿಯಲಿಕ್ಕಾ, ನೋಡಲಿಕ್ಕಾ?" ಎಂದರು ಕರುಣಾಕರರು. "ಇವತ್ತು ಅಟ್ಟೆಗೆ ರೇಟ್ ಎಷ್ಟು ಮಾರಾಯ್ರೆ?" ಎಂದ ವಿಠಲ. ಸಂಜೆಯೊಳಗೆ ಮಲ್ಪೆಯಿಡೀ ಅದಕ್ಕೆ ಮಲ್ಲಿಗೆ ಮೀಟರು ಎಂದು ಹೆಸರು ಬಿತ್ತು. ಝೀಟಾಬಾಯಿಯೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. ರಾಮಲಿಂಗ ಮಾತ್ರ ನಗಲಿಲ್ಲ. ಅವರು ಮೀಟರು ಬಿಚ್ಚಿಕೊಳ್ಳುವಾಗ ತಿರುಪುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಸರಿಮಾಡುವುದು ಕಷ್ಟವಿರಲಿಲ್ಲ. ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದರೆ ಮುಗಿಯಿತು. ಅದನ್ನು ಮಾಡಿ, ಮೊದಲ ಸಲ ಅವಸರಕ್ಕೆ ಬಿಟ್ಟಿದ್ದ ಪರೀಕ್ಷೆಯನ್ನೂ ಎರಡು ಬ್ಯಾಟರಿ ಜೋಡಿಸಿ ಮೇಜಿನ ಮೇಲೆ ಮಾಡಿದರು. ಸರಿಯಿತ್ತು. ಆದರೂ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ಕೈಯನ್ನು ಕಣ್ಣಿಗಿಂತ ಹೆಚ್ಚು ನಂಬಿದವರಿಗೆ ಈಗ ಕೈಯ ಮೇಲೇ ಸಂಶಯ ಹುಟ್ಟಿತ್ತು. ಬೆಳಿಗ್ಗೆ ಹೂ ಕಟ್ಟುವಾಗಲೂ ಬೆರಳನ್ನೇ ದಿಟ್ಟಿಸುತ್ತಿದ್ದರು, ಕಳ್ಳನನ್ನು ಕಾಯುವ ಹಾಗೆ. ಈ ಬೆರಳು ತಪ್ಪಿದರೆ ನಾಳೆ ಯಾರದೋ ಕಾಲು ಹೋಗುತ್ತದೆ ಎಂಬ ಯೋಚನೆ ಬಂದಾಗ ನಾರು ತುಂಡಾಯಿತು. ಅವರ ಕೈಯಲ್ಲಿ ನಾರು ತುಂಡಾದದ್ದನ್ನು ಲಿಯೋನೆಲ್ ಅದೇ ಮೊದಲು ನೋಡಿದ್ದು. ಅಂದು ರೇಗಿಸಲಿಲ್ಲ.

ಎರಡನೆಯ ಸಲ ಕೂರಿಸುವಾಗ ನೋಡಲು ಯಾರೂ ಬರಲಿಲ್ಲ. ರಾಮಲಿಂಗ ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿ, ಗುಡುಗಿ, ಹದಕ್ಕೆ ಬಂತು. ಮುಳ್ಳು ಸೊನ್ನೆಯ ಮೇಲೆ ಸ್ವಲ್ಪ ತಡೆಯಿತು. ಮತ್ತೆ ಎದ್ದಿತು. ಮೆಲ್ಲಗೆ, ನಿದ್ದೆಯಿಂದ ಏಳುವವರ ಹಾಗೆ, ಒಂದೊಂದೇ ಗೆರೆ ದಾಟಿ ಬಲಕ್ಕೆ ಬಂದು ನಿಂತಿತು. ರಾಮಲಿಂಗ ಆಕ್ಸಿಲರೇಟರು ಒತ್ತಿದ, ಮುಳ್ಳು ಇನ್ನೂ ಏರಿತು. ಬಿಟ್ಟ, ಇಳಿಯಿತು. ಮತ್ತೆ ಒತ್ತಿದ. ಅಷ್ಟು ದೊಡ್ಡ ಆಳು ಮಗುವಿನಂತೆ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು ಮಾಡುತ್ತಲೇ ಇದ್ದ.

"ನನ್ನ ಕಾಲಿನ ಮಾತ ಇದಕ್ಕ ತಿಳೀತೈತಲ್ರೀ!" ಎಂದ. ಆಮೇಲೆ ಎಂಜಿನ್ನು ಓಡುತ್ತಿರುವಾಗಲೇ ಗಾಜನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡ. ಇಗರ್ಜಿಯಲ್ಲಿ ಬಲಿಪೂಜೆಯ ಘಂಟೆ ಹೊಡೆದಾಗ ಆಗುವಂಥದ್ದೇ ಏನೋ ಒಂದು ಝೀಟಾಬಾಯಿಯ ಎದೆಯಲ್ಲಿ ಆಯಿತು. ಹಾಗೆಂದು ಪಾದ್ರಿಗಳ ಹತ್ತಿರ ಹೇಳುವಂತಿರಲಿಲ್ಲ.

ಮೊದಲ ದೊಡ್ಡ ದೋಣಿಯನ್ನು ಎಳೆಯುವ ದಿನ "ನೀವ ಒಳಗ ಬಂದ ಕೂಡ್ರಿ, ಭಾರ ಬಿದ್ದಾಗ ಇದು ಹೆಂಗ ಮಾಡತೈತಿ ನೋಡ್ರಿ" ಎಂದು ರಾಮಲಿಂಗ ಫೋನು ಮಾಡಿದ. ಲಿಯೋನೆಲ್ ಸ್ಕೂಟರಿನಲ್ಲಿ ಬಿಟ್ಟುಹೋದರು. ಮೋಡ ಕವಿದಿತ್ತು. ಉಬ್ಬರದ ನೀರು ದಡದ ಮೇಲೆ ತುಂಬಿ ನಿಂತಿತ್ತು, ಅದು ಇಳಿಯುವುದರೊಳಗೆ ದೋಣಿಯನ್ನು ಎಳೆದು ಮುಗಿಸಬೇಕು. ಮರಳಿನ ಮೇಲೆ ಗ್ರೀಸು ಬಳಿದ ಮರದ ಉರುಳುಗಳನ್ನು ಸಾಲಾಗಿ ಹಾಸಿದ್ದರು. ಟ್ರಕ್ಕಿನ ವಿಂಚಿನಿಂದ ಉಕ್ಕಿನ ಹಗ್ಗ ದೋಣಿಯ ಮೂತಿಗೆ ಬಿಗಿದಿತ್ತು. ದೋಣಿಯ ಅಡಿಮರದ ಹತ್ತಿರ ಬೆಣೆಗಳ ರಾಶಿಯ ಜೊತೆ ವಿಠಲ ಕುಳಿತಿದ್ದ. ದೋಣಿ ಒಂದು ಮಾರು ಮುಂದೆ ಬಂದ ಕೂಡಲೇ ಅಡಿಗೆ ನುಗ್ಗಿ, ಹಿಂದೆ ಜಾರದ ಹಾಗೆ ಬೆಣೆ ಸಿಕ್ಕಿಸಿ, ಹೊರಗೆ ಬರುವುದು ಅವನ ಕೆಲಸ.

ಎಳೆತ ಸುರುವಾಯಿತು. ಮನೆಯಷ್ಟು ದೊಡ್ಡ ದೋಣಿ ನರಳುತ್ತ ನೀರು ಬಿಟ್ಟು ಮೇಲೆ ಬಂತು. ಟ್ರಕ್ಕು ಗಡಗಡ ನಡುಗಿತು. ಆ ನಡುಕದಲ್ಲೂ ಮುಳ್ಳು ತನ್ನ ಜಾಗದಲ್ಲಿ ನೆಟ್ಟಗೆ ನಿಂತಿರುವುದನ್ನು ಝೀಟಾಬಾಯಿ ಬಗ್ಗಿ ನೋಡುತ್ತಿದ್ದರು.

ಅರ್ಧ ದಾರಿ ಆಗಿತ್ತು. ಮುಳ್ಳು ಒಮ್ಮೆ ಅದುರಿತು. ಮತ್ತೆ ನಿಂತಿತು. ಮತ್ತೆ ಅದುರಿ, ಒಂದು ಗೆರೆ ಇಳಿಯಿತು.

ರಾಮಲಿಂಗ ಎಳೆತ ನಿಧಾನ ಮಾಡಿದ. ತಕ್ಷಣ ಕರುಣಾಕರರು ಕಿಟಕಿಯ ಹತ್ತಿರ ಓಡಿ ಬಂದರು. "ಎಂತ? ಯಾಕೆ ನಿಧಾನ?"

"ಎಣ್ಣಿ ಇಳ್ಯಾಕತ್ತೈತ್ರೀ ಸಾವಕಾರ."

"ಬಿಸಿ ಆದರೆ ಇಳಿಯುತ್ತದೆ ಮಾರಾಯ! ಅಲ್ಲದಿದ್ದರೂ ಅದು ಮಲ್ಲಿಗೆ ಮೀಟರು, ನಿನಗೆ ಗೊತ್ತುಂಟಲ್ಲ. ನೀರು ಇಳಿಯುತ್ತ ಉಂಟು ನೋಡು. ಎಳೆ!"

ಇನ್ನೊಂದು ಗೆರೆ. ರಾಮಲಿಂಗ ಕರುಣಾಕರರನ್ನು ನೋಡಲಿಲ್ಲ, ಝೀಟಾಬಾಯಿಯನ್ನು ನೋಡಿದ. "ಅಕ್ಕಾರ?"

ಅಷ್ಟೇ ಕೇಳಿದ್ದು. ಝೀಟಾಬಾಯಿ ತಮ್ಮ ಬೆರಳುಗಳನ್ನು ನೋಡಿಕೊಂಡರು. ತಪ್ಪು ಮತ್ತೆ ನನ್ನದೇ ಇರಬಹುದೇ? ಬೆಸುಗೆ ಬಿಟ್ಟಿತೇ? ತಂತಿ ಎಲ್ಲಾದರೂ ಒಂದಕ್ಕೊಂದು ತಾಗಿತೇ? ನಿಲ್ಲಿಸು ಎಂದು ಹೇಳಿ ಮುಳ್ಳು ಸುಳ್ಳಾದರೆ ಉಬ್ಬರ ತಪ್ಪುತ್ತದೆ, ದೋಣಿ ನಡುದಾರಿಯಲ್ಲಿ ಉಳಿಯುತ್ತದೆ, ಅಪ್ಪನ ಕಾಲದಿಂದ ಬಂದ ಹೆಸರು ಇವತ್ತಿಗೆ ಮುಗಿಯುತ್ತದೆ. ಎಳೆ ಎಂದು ಹೇಳಿ ಮುಳ್ಳು ನಿಜವಾದರೆ, ಅಡಿಯಲ್ಲಿ ವಿಠಲನಿದ್ದಾನೆ. ಅವರು ತಮ್ಮ ಕೈಯನ್ನು ಬಿಟ್ಟು ಮುಳ್ಳನ್ನು ನೋಡಿದರು. ತಂತಿಯ ತಪ್ಪಾಗಿದ್ದರೆ ಮುಳ್ಳು ಹಾರುತ್ತದೆ. ಅವತ್ತು ಹಾಗೆಯೇ ಹಾರಿತ್ತು. ಇದು ಹಾರುತ್ತಿಲ್ಲ. ಇದು ನಡುಗಿ ನಡುಗಿ ಇಳಿಯುತ್ತಿದೆ, ರಕ್ತ ಹೋಗುತ್ತಿರುವ ಮನುಷ್ಯನ ನಾಡಿಯ ಹಾಗೆ.

"ನಿಲ್ಲಿಸು" ಎಂದರು.

ರಾಮಲಿಂಗ ತಲೆ ಹೊರಗೆ ಹಾಕಿ ಬೆಣೆ ಬೆಣೆ ಎಂದು ಕೂಗಿದ. ಅಡಿಯಿಂದ ಸುತ್ತಿಗೆಯ ಸದ್ದು ಕೇಳಿತು. ವಿಂಚನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟ. ದೋಣಿ ತನ್ನ ಭಾರವನ್ನು ಬೆಣೆಗಳ ಮೇಲೆ ಹೇರಿ ಗಟ್ಟಿಯಾಗಿ ಕೂತಿತು. ಆಮೇಲೆ ಎಂಜಿನ್ನು ಆಫ್ ಮಾಡಿದ. ಒಮ್ಮೆಲೇ ಸಮುದ್ರದ ಸದ್ದು ಕೇಳತೊಡಗಿತು.

"ಎಂತ ಬಾಯಿ ನೀವು!" ಕರುಣಾಕರರ ಮುಖ ಕೆಂಪಾಗಿತ್ತು. "ಉಬ್ಬರ ಹೋಯ್ತು ಗೊತ್ತುಂಟಾ? ಎಣ್ಣೆ ಬೆಳಿಗ್ಗೆ ನಾನೇ ನಿಂತು ಹಾಕಿಸಿದ್ದು. ನಿಮ್ಮ ಮೀಟರು ಸರಿ ಎಂದು ನಿಮಗೇ ಗ್ಯಾರಂಟಿ ಉಂಟಾ?"

ಝೀಟಾಬಾಯಿಗೆ ಗ್ಯಾರಂಟಿ ಇರಲಿಲ್ಲ. ಅವರು ಟ್ರಕ್ಕಿನಿಂದ ಇಳಿದರು.

ರಾಮಲಿಂಗ ಬಾನೆಟ್ಟು ಎತ್ತಿ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದ. ತುದಿ ಒಣಗಿತ್ತು. ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ ಎಳೆದ. ಬಟ್ಟೆಯ ಮೇಲೆ ಕಲೆಯೂ ಬೀಳಲಿಲ್ಲ. ಮಂಡಿಯೂರಿ ಟ್ರಕ್ಕಿನ ಅಡಿಗೆ ಕೈ ಚಾಚಿ ಮರಳನ್ನು ಕೆದರಿದ. ಮೇಲೆ ಮರಳು ಕೊಂಚ ಕಂದಿತ್ತು, ಅಷ್ಟೇ. ಎರಡು ಬೆರಳು ಕೆಳಗೆ ಹೋದರೆ ಕಪ್ಪು. ಅಂಗೈ ತುಂಬ ಎತ್ತಿದ, ಎಣ್ಣೆ ಬೆರಳ ಸಂದಿಯಿಂದ ಸೋರಿತು. ಎಂಜಿನ್ನಿನ ಪಕ್ಕದ ಎಣ್ಣೆಯ ಪೈಪು ಎಳೆತದ ನಡುಕಕ್ಕೆ ಉದ್ದಕ್ಕೂ ಸೀಳಿತ್ತು. ಬೆಳಿಗ್ಗೆ ತುಂಬಿಸಿದ ಅಷ್ಟೂ ಎಣ್ಣೆಯನ್ನು ಮರಳು ಸದ್ದಿಲ್ಲದೆ ಕುಡಿದುಬಿಟ್ಟಿತ್ತು. ಸುತ್ತ ಇಪ್ಪತ್ತು ಜನ ನಿಂತಿದ್ದರು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ಇನ್ನ ಎರಡು ಸಲ ಜಗ್ಗಿದ್ರ ಕಚಗೊಂತಿತ್ತು" ಎಂದ ರಾಮಲಿಂಗ. ಯಾರಿಗೂ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು.

ಝೀಟಾಬಾಯಿ ಟ್ರಕ್ಕಿನ ಬಾಗಿಲು ಹಿಡಿದು ನಿಂತರು. ಸಂತೋಷವಲ್ಲ, ಗೆದ್ದೆ ಎಂಬುದೂ ಅಲ್ಲ. ಇಷ್ಟೂ ಜನರಿಗೆ ಕಾಣದ್ದು ಗಾಜಿನ ಹಿಂದಿನ ಆ ಕಡ್ಡಿಗೆ ಕಂಡಿತ್ತು ಎಂಬ ಒಂದೇ ವಿಷಯ ತಲೆಯಲ್ಲಿ ತುಂಬಿಹೋಗಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ರಾಮಲಿಂಗನ ಕಡೆ ತಿರುಗಿ ಕೇಳಿದರು: "ನನಗೇ ಧೈರ್ಯ ಇರಲಿಲ್ಲ ರಾಮಲಿಂಗ. ನೀನು ಹೇಗೆ ನಂಬಿದೆ?"

ಅವನು ಕೈಯ ಎಣ್ಣೆಯನ್ನು ಮರಳಿಗೆ ಉಜ್ಜುತ್ತ ಹೇಳಿದ: "ಮೊದಲ ಸಲ ತಪ್ಪಾದಾಗ ಇಷ್ಟ ಮಂದಿ ಮುಂದ ನಂದ ತಪ್ಪು ಅಂದ್ರಿ. ಈ ಸಲ ತಪ್ಪಿದ್ರೂ ನೀವ ಮೊದಲ ಹೇಳ್ತಿದ್ರಿ. ಹೇಳಲಿಲ್ಲ."

ಅಷ್ಟರಲ್ಲಿ ದೋಣಿಯ ಅಡಿಯಿಂದ ವಿಠಲ ಮೊಣಕೈ ಊರಿಕೊಂಡು ಹೊರಗೆ ಬಂದ. ಬೆನ್ನಿಗೆಲ್ಲ ಗ್ರೀಸು, ತಲೆಯಲ್ಲಿ ಮರಳು. ಅವನಿಗೆ ಏನೂ ಗೊತ್ತಿರಲಿಲ್ಲ.

"ಯಾಕೆ ನಿಲ್ಲಿಸಿದ್ದು ಮಾಮ? ನಾನು ಆಚೆ ಬದಿಯ ಬೆಣೆ ಇಡಲಿಕ್ಕೆ ಪೂರಾ ಒಳಗೆ ಹೋಗಿದ್ದೆ. ಇನ್ನೊಂದು ಸಲ ಎಳೆದಿದ್ದರೆ ಆಗುತ್ತಿತ್ತಲ್ಲ?"

ಕರುಣಾಕರರು ಬಾಯಿ ತೆರೆದರು. ಸ್ವಲ್ಪ ಮೊದಲು 'ಎಳೆ' ಎಂದು ಕೂಗಿದ ಬಾಯಿ ಅದು. ಒಮ್ಮೆ ದೋಣಿಯನ್ನು ನೋಡಿದರು, ಒಮ್ಮೆ ಅಳಿಯನ ಎರಡೂ ಕಾಲುಗಳನ್ನು ನೋಡಿದರು. ಆಮೇಲೆ ನಿಂತಲ್ಲೇ ಮರಳಿನ ಮೇಲೆ ಕುಳಿತುಬಿಟ್ಟರು.

"ಎಂತ ಆಯ್ತು ಮಾಮ?" ಎಂದು ವಿಠಲ ಹತ್ತಿರ ಬಂದು ಬಗ್ಗಿದ. ಕರುಣಾಕರರು ಅವನ ಗ್ರೀಸು ಮೆತ್ತಿದ ತೋಳನ್ನು ಹಿಡಿದುಕೊಂಡರು. ಉಡುಪಿಯಿಂದ ಹೊಸ ಪೈಪು ಬರುವವರೆಗೂ ಅದನ್ನು ಬಿಡಲಿಲ್ಲ.